ಹೊಳೆಯಾಚೆಯ ಹುಂಜ

ಟ್ರೌಟ್ ಮೀನು ಹಿಡಿಯುವ ಕಾಲ ಶುರುವಾಗುವ ಭಾನುವಾರ ಬೆಳಿಗ್ಗೆ ಅಕಿಲಿನೊ ಹಾಸಿಗೆಯಿಂದೆದ್ದು ಮಾಡಿದ ಮೊದಲ ಕೆಲಸ, ಹುಲ್ಲಿನ ಅಟ್ಟ ಹತ್ತಿ ಹುಂಜದ ಮುಂದೆ ಒಂದು ಹಿಡಿ ಮೆಕ್ಕೆಜೋಳ ಸುರಿದದ್ದು. ಎರಡನೆಯ ಕೆಲಸ, ಒಂದು ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು. ಮೂರು ವರ್ಷದಿಂದ ಹೀಗೆ ಗರಿ ಹಿಡಿದು ನೋಡಿ ನೋಡಿ ಅವನ ಕಣ್ಣು ಸೋತಿತ್ತು. ಈ ಸಲ ಮಾತ್ರ ಗರಿ ಮಿಂಚಿತು. ಕಂದು ಬಣ್ಣದ ಮೇಲೆ ಬಂಗಾರದ ಚುಕ್ಕೆಗಳು, ಎಣಿಸಬಹುದಾದಷ್ಟು ಸ್ಪಷ್ಟ.

"ಬಂತಲ್ಲೋ ನಿಂಗೆ ಬಣ್ಣ!" ಎಂದ ಹುಂಜಕ್ಕೆ. ಹುಂಜ ಅವನ ಕೈಯನ್ನೇ ಕುಕ್ಕಿತು.

ಕುರುವೆನ್ಯೊ ಕಣಿವೆಯಲ್ಲಿ ಹುಂಜ ಸಾಕುವುದು ಸಾರಿಗಲ್ಲ, ಗರಿಗೆ. ಅದರ ಬೆನ್ನಿನ ಗರಿಯ ನಾಲ್ಕು ಎಳೆಯನ್ನು ರೇಷ್ಮೆ ದಾರದಲ್ಲಿ ಗಾಳಕ್ಕೆ ಬಿಗಿದರೆ ಒಂದು ಹುಸಿ ನೊಣ ತಯಾರು. ಅದನ್ನು ನೀರಿನ ಮೇಲೆ ಬಿಟ್ಟರೆ ಎಂಥ ಬುದ್ಧಿವಂತ ಮೀನೂ ಮೋಸಹೋಗುತ್ತದೆ. ವರ್ಷಕ್ಕೆ ಮೂರು ನಾಲ್ಕು ಸಲ, ಚಂದ್ರ ಬೆಳೆಯುವ ಪಕ್ಷದಲ್ಲಿ ಗರಿ ಕೀಳುತ್ತಾರೆ. ಒಬ್ಬರು ಹುಂಜವನ್ನು ಮಡಿಲಲ್ಲಿ ಅಮುಕಿ ಹಿಡಿಯಬೇಕು, ಇನ್ನೊಬ್ಬರು ಕೀಳಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಇದರ ಜೊತೆಗೆ ಕಣಿವೆಯ ಜನ ಕಣ್ಣುಮುಚ್ಚಿ ನಂಬಿರುವ ಸಂಗತಿ ಇನ್ನೊಂದಿದೆ. ಹುಂಜವನ್ನು ಬೆಟ್ಟದಾಚೆಗೆ ಒಯ್ದರೆ ಅದರ ಗರಿಯ ಹೊಳಪು ಸತ್ತುಹೋಗುತ್ತದೆ. ಇಲ್ಲಿಯ ನೀರೋ, ಕಲ್ಲೋ, ಗಾಳಿಯೋ, ಯಾವುದರಿಂದ ಎಂದು ಯಾರಿಗೂ ಗೊತ್ತಿಲ್ಲ.

ಇದನ್ನು ನಂಬದವನು ಊರಿಗೆಲ್ಲ ಒಬ್ಬನೇ, ನಮ್ಮ ಅಕಿಲಿನೊ. ನಾಲ್ಕು ವರ್ಷದ ಹಿಂದೆ, ಮೀನಿನ ಕಾಲ ಮುಗಿದ ದಿನ, ಹೊಟ್ಟೆಗೆ ನಾಲ್ಕು ಲೋಟ ವೈನು ಬಿದ್ದ ಮೇಲೆ ಅವನ ನಾಲಿಗೆಗೆ ಕಡಿವಾಣವಿರಲಿಲ್ಲ. ಸಮುದ್ರದ ಕಡೆಯಿಂದ ಮೀನು ಹಿಡಿಯಲು ಬಂದಿದ್ದ ಒಬ್ಬ ಡಾಕ್ಟರ ಮುಂದೆ ಎದ್ದು ನಿಂತು, "ಹುಂಜ ಅಂದ್ರೆ ಹುಂಜ ಕಣ್ರೀ. ಬೆಟ್ಟ ದಾಟಿದ ತಕ್ಷಣ ಬಣ್ಣ ಬದಲಾಯಿಸೋಕೆ ಅದೇನು ಊಸರವಳ್ಳಿನಾ? ಬೇಕಾದ್ರೆ ತಗೊಂಡ್ಹೋಗಿ ಡಾಕ್ಟ್ರೇ, ನೀವೇ ನೋಡಿ" ಎಂದುಬಿಟ್ಟ. ಅಂದದ್ದಲ್ಲದೆ ಮನೆಗೆ ಹೋಗಿ ಹುಂಜವನ್ನು ತಂದು ಡಾಕ್ಟರ ಕಾರಿನೊಳಗೆ ಕೂರಿಸಿಯೂ ಬಿಟ್ಟ. ಕೊಟ್ಟದ್ದು ಯಾವುದನ್ನು? ಬಿಷಪ್ಪನನ್ನು! ಹೆಗಲ ಮೇಲೆ ನಿಲುವಂಗಿ ಹೊದ್ದ ಹಾಗೆ ಗರಿ ಇಳಿಬಿಟ್ಟು, ಎದೆ ಸೆಟೆಸಿ ನಡೆಯುತ್ತಿದ್ದ ಆ ಹುಂಜಕ್ಕೆ ಬಿಷಪ್ ಎಂದು ಹೆಸರಿಟ್ಟವಳು ಅವನ ಹೆಂಡತಿ ಎತೆಲ್ವಿನಾ. ಮೊಟ್ಟೆಯೊಡೆದು ಹೊರಬಂದ ಮರಿಗೆ ಜೀವವಿಲ್ಲವೆಂದು ಎಲ್ಲರೂ ಕೈಬಿಟ್ಟಾಗ ಅದನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಬದುಕಿಸಿದವಳೂ ಅವಳೇ. ಕಣಿವೆಯಲ್ಲಿ ಅವಳಷ್ಟು ನಾಜೂಕಾಗಿ ನೊಣ ಕಟ್ಟುವವರು ಇನ್ನೊಬ್ಬರಿಲ್ಲ.

ತಂಗಿಯ ಮನೆಯಿಂದ ಮರಳಿ ಬಂದ ಎತೆಲ್ವಿನಾ ಕೂಗಾಡಲಿಲ್ಲ. ಅವನ ಗಾಳದ ಕೋಲು, ಬೂಟು, ಉಣ್ಣೆಯ ಅಂಗಿ ಎಲ್ಲವನ್ನೂ ಗೇಟಿನಾಚೆ ಇಟ್ಟಳು.

"ಬಿಷಪ್ ಈ ಗೇಟಿನೊಳಗೆ ಬರೋವರೆಗೂ ನೀನೂ ಬರ್ಬೇಡ" ಎಂದಳು. ಅಷ್ಟೇ.

ಅಕಿಲಿನೊ ಸೇತುವೆ ದಾಟಿ, ತೀರಿಹೋದ ತಾಯಿಯ ಖಾಲಿ ಮನೆ ಸೇರಿದ. ವರ್ಷ ಕಳೆದ ಮೇಲೆ ಡಾಕ್ಟರು ಬೆಟ್ಟದ ತಿರುವಿನಲ್ಲಿ ಕಾರು ನಿಲ್ಲಿಸಿ, ಮುಖ ಸಣ್ಣಗೆ ಮಾಡಿಕೊಂಡು ಹುಂಜವನ್ನು ಹಿಂದಿರುಗಿಸಿದರು. ಗರಿ ನೆನೆದ ರದ್ದಿ ಕಾಗದದ ಹಾಗಿತ್ತು. ಈ ಮೋರೆ ಹೊತ್ತುಕೊಂಡು ಎತೆಲ್ವಿನಾಳ ಮುಂದೆ ನಿಲ್ಲುವುದು ಹೇಗೆ? ಹೊಳಪು ಬರಲಿ, ಆಮೇಲೆ ಒಯ್ಯುತ್ತೇನೆ ಎಂದುಕೊಂಡು ಬಿಷಪ್ಪನನ್ನು ಯಾರಿಗೂ ಹೇಳದೆ ಅಟ್ಟದಲ್ಲಿ ಬಚ್ಚಿಟ್ಟ. ಹಳೆಯ ಗರಿ ಕಿತ್ತರೆ ಹೊಸದು ಬರುತ್ತದೆ, ಪ್ರತಿ ಹೊಸದೂ ಹಳೆಯದಕ್ಕಿಂತ ಕೂದಲೆಳೆಯಷ್ಟು ವಾಸಿ. ಹಾಗೆ ಮೂರು ವರ್ಷ ಕಳೆಯಿತು.

ಆ ಮೂರು ವರ್ಷದಲ್ಲಿ ಅವನಿಗೆ ಅವಳು ಬೇಕೆನಿಸದ ದಿನವಿಲ್ಲ. ಅವಳ ಅಡುಗೆ ಬೇಕೆನಿಸಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದ. ಬೇಕೆನಿಸುತ್ತಿದ್ದದ್ದು ಕಿಟಕಿಯ ಬಳಿ ಕೂತು ರೇಷ್ಮೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಿದ್ದ ಅವಳು, ನಡುನಡುವೆ ಅವನನ್ನು "ಏ ಪೆದ್ದ" ಎನ್ನುತ್ತಿದ್ದ ಅವಳ ದನಿ. ಅವನ ಉಣ್ಣೆಯಂಗಿಯ ತೋಳಿಗೆ ಅವಳ ಹಳದಿ ದಾರದ ಒಂದು ತುಂಡು ಅಂಟಿಕೊಂಡಿತ್ತು. ಅದು ಉದುರಿಹೋದೀತೆಂದು ಆ ಅಂಗಿಯನ್ನು ಅವನು ಒಗೆದೇ ಇರಲಿಲ್ಲ.

ಹತ್ತು ಗಂಟೆಗೆ ಸೇತುವೆಯ ಮೇಲೆ ಅವನ ಪಕ್ಕ ಅಂಚೆಯ ತೋರಿಬಿಯೊ ಜೀಪು ನಿಲ್ಲಿಸಿದ. ಇಬ್ಬರೂ ಒಟ್ಟಿಗೆ ಶಾಲೆಯಿಂದ ಓಡಿಹೋಗಿ ಮೀನು ಹಿಡಿದವರು.

"ಹತ್ತೋ. ಹೊಳೆ ತುಂಬ ಹಿಮದ ನೀರು, ಒಂದು ಮೀನೂ ಬಾಯಿ ತೆರೆಯಲ್ಲ. ಎಲ್ರೂ ಅಣೆಕಟ್ಟಿನ ಹಿನ್ನೀರಿಗೆ ಹೊರಟಿದೀವಿ."

"ನಾನು ಹೊಳೆಗೇ ಹೋಗ್ತೀನಿ."

"ಹೊಳೆಗೋ, ಹೊಳೆಯಾಚೆಗೋ?" ತೋರಿಬಿಯೊ ಹಲ್ಲು ಕಿರಿದ. "ನಾಲ್ಕು ವರ್ಷದಿಂದ ಅದೇ ಗೋಡೆ ಕೆಳಗೆ ನಿಲ್ತೀಯ. ಅಲ್ಲಿ ಮೀನಿಗಿಂತ ನೀನೇ ಜಾಸ್ತಿ ಸಿಕ್ಕಿಹಾಕ್ಕೊಂಡಿರೋದು."

"ಹೋಗೋ, ಹೋಗು. ನಿನ್ನ ಹಿನ್ನೀರಿನ ಮೀನಿಗೆ ಕೆಸರಿನ ವಾಸನೆ."

ಜೀಪು ಹೋಯಿತು. ಅಕಿಲಿನೊ ಎತೆಲ್ವಿನಾಳ ಹುಲ್ಲುಗಾವಲಿನ ಕಲ್ಲುಗೋಡೆಗೆ ಎದುರಾಗಿ ಮೊಣಕಾಲ ನೀರಿಗಿಳಿದ. ಮಾರ್ಚ್ ತಿಂಗಳ ನೀರು ಬೂಟಿನೊಳಗೂ ಮೂಳೆ ಕೊರೆಯುತ್ತಿತ್ತು. ಮರಗಳಲ್ಲಿ ಇನ್ನೂ ಎಲೆಯಿಲ್ಲ. ಈ ಕಾಲದಲ್ಲಿ ಬೆಳಗಿನಿಂದ ಗಾಳ ಬೀಸುವವನು ಮೂರ್ಖ. ನಡುಹಗಲು ಬಿಸಿಲು ನೀರನ್ನು ಮುಟ್ಟಿದಾಗ ಒಂದೇ ಒಂದು ಗಂಟೆ ನೊಣಗಳು ನೀರಿನಿಂದೇಳುತ್ತವೆ, ಆ ಒಂದು ಗಂಟೆಯೇ ಮೀನಿನ ಊಟದ ಹೊತ್ತು. ಅವನು ಕಾದ. ದಾರಕ್ಕೆ ಮೂರು ನೊಣ ಕಟ್ಟಿದ್ದ. ಮೇಲಿನದು ಎತೆಲ್ವಿನಾ ಕಟ್ಟಿದ್ದು, ಅವನ ಬಳಿ ಉಳಿದಿದ್ದ ಕೊನೆಯದು. ಕೆಳಗಿನೆರಡು ಅವನೇ ಅಂದು ಬೆಳಿಗ್ಗೆ ಬಿಷಪ್ಪನ ಹೊಸ ಗರಿಯಿಂದ ಕಟ್ಟಿದವು. ಅವನ ದಪ್ಪ ಬೆರಳುಗಳಿಗೆ ಆ ಕೆಲಸ ಒಗ್ಗದು. ನೊಣಕ್ಕಿಂತ ಹೆಚ್ಚಾಗಿ ಅವು ಜಾಡಮಾಲಿಯ ಪೊರಕೆಯ ಮರಿಗಳಾಗಿದ್ದವು.

ಗೋಡೆಯಾಚೆ ಎತೆಲ್ವಿನಾ ಬಟ್ಟೆ ಒಣಹಾಕುತ್ತಿದ್ದಳು. ಭಾನುವಾರ ಆ ಊರಿನಲ್ಲಿ ಯಾರೂ ಬಟ್ಟೆ ಒಗೆಯುವುದಿಲ್ಲ. ಮೀನಿನ ಕಾಲದ ಮೊದಲ ಭಾನುವಾರ ಮಾತ್ರ, ನಾಲ್ಕು ವರ್ಷದಿಂದ, ಅವಳೊಬ್ಬಳು ಒಗೆಯುತ್ತಿದ್ದಳು. ಅದನ್ನು ಇಡೀ ಊರು ಗಮನಿಸಿತ್ತು, ಅಕಿಲಿನೊ ಒಬ್ಬನನ್ನು ಬಿಟ್ಟು.

ಬಿಸಿಲು ನೀರಿಗಿಳಿಯಿತು. ಸಣ್ಣ ಬೂದು ನೊಣಗಳು ಎದ್ದವು. ಗೋಡೆಯ ನೆರಳಿನಂಚಿನಲ್ಲಿ ಒಂದು ಮೂತಿ ಮೇಲೆ ಬಂದು ಮುಳುಗಿತು. ಅಕಿಲಿನೊ ದಾರ ಬೀಸಿದ. ಮೂರು ನೊಣಗಳೂ ಸುಳಿಯ ಮೇಲೆ ಇಳಿದು ತೇಲಿದವು. ಮೂತಿ ಮತ್ತೆ ಎದ್ದಿತು, ಎತೆಲ್ವಿನಾಳ ನೊಣವನ್ನು ದಾಟಿ ಬಂದು ಕೆಳಗಿನ ಪೊರಕೆಯ ಮರಿಯನ್ನು ಗಬಕ್ಕನೆ ನುಂಗಿತು.

ಕೋಲು ಬಾಗಿತು. ದೊಡ್ಡ ಮೀನು, ಮೊಳದುದ್ದಕ್ಕೆ ಕಡಿಮೆಯಿಲ್ಲ. ಅದು ಸೀದಾ ಗೋಡೆಯ ಕಡೆ ಹಾರಿತು. ಅಕಿಲಿನೊ ಬೆನ್ನಟ್ಟಿದ. ಎರಡು ಹೆಜ್ಜೆ ಸರಿಯಾಗಿ ಇಟ್ಟ, ಮೂರನೆಯದಕ್ಕೆ ಪಾಚಿಗಲ್ಲು ಕೈಕೊಟ್ಟಿತು. ಕತ್ತಿನವರೆಗೆ ನೀರಿನಲ್ಲಿ ಕೂತುಬಿಟ್ಟ, ಕೋಲು ಮಾತ್ರ ಮೇಲಿತ್ತು.

"ಕೋಲು ಬಿಡ್ಬೇಡೋ!" ಗೋಡೆಯ ಮೇಲಿನಿಂದ ಕೂಗು ಬಂತು. "ಈ ಕಡೆ ಎಳಿ! ಈ ಕಡೆ ಅಂದೆ, ಪೆದ್ದ!"

ಎತೆಲ್ವಿನಾ ಗೋಡೆ ಇಳಿದು, ಲಂಗ ಮೇಲೆತ್ತಿ ಕಟ್ಟಿ, ಬಟ್ಟೆಯ ಬುಟ್ಟಿಯಲ್ಲಿ ಮೀನನ್ನು ಬಾಚಿಕೊಂಡಳು. ಅಕಿಲಿನೊ ಹಲ್ಲು ಕಟಕಟಿಸುತ್ತ ದಡಕ್ಕೆ ತೆವಳಿದ. ನಾಲ್ಕು ವರ್ಷದ ಮೇಲೆ ಅವಳು ಮೂರಡಿ ದೂರದಲ್ಲಿದ್ದಳು. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅದು ಯಾವಾಗ ಬೆಳ್ಳಗಾಯಿತೋ ಅವನಿಗೆ ಗೊತ್ತೇ ಇರಲಿಲ್ಲ.

ಅವಳು ಮೀನಿನ ಬಾಯಿಂದ ಗಾಳ ಬಿಡಿಸಿ ನೊಣ ನೋಡಿದಳು.

"ಇದನ್ನ ಕಟ್ಟಿದ್ದು ಯಾರು? ಕೈಯಲ್ಲೋ, ಕಾಲಲ್ಲೋ?"

"ನಾನೇ."

"ಅದು ಗೊತ್ತಾಗುತ್ತೆ." ನೊಣವನ್ನು ಸೂರ್ಯನಿಗೆ ಹಿಡಿದಳು. ಬಂಗಾರದ ಚುಕ್ಕೆಗಳು ಮಿಂಚಿದವು. ಅವಳು ಅದನ್ನು ಬೆರಳ ತುದಿಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಬಿಷಪ್ಪಂದು ಕಣೇ," ಅಕಿಲಿನೊ ತೊದಲಿದ. "ವಾಪಸ್ ಬಂದಿದೆ. ನನ್ ಹತ್ರಾನೇ ಇದೆ. ಹೊಳಪು ಬರ್ಲಿ ಅಂತ ಕಾಯ್ತಿದ್ದೆ... ಈ ಸಲ ಬಂತು, ನೋಡು. ನಿಂಗೆ ತೋರಿಸ್ಬೇಕು ಅಂತ..."

"ಬಂದಿರೋದು ನಂಗೆ ಗೊತ್ತು."

"ಯಾರು ಹೇಳಿದ್ರು?"

"ಅದೇ ಹೇಳ್ತು. ದಿನಾ ಬೆಳಿಗ್ಗೆ ಹೊಳೆಯಾಚೆಯಿಂದ ಕೂಗುತ್ತಲ್ಲ. ಜೇಬಲ್ಲಿಟ್ಕೊಂಡು ಸಾಕಿದ ಹುಂಜದ ಕೂಗು ನಂಗೆ ಗೊತ್ತಾಗಲ್ವಾ? ಮೂರು ವರ್ಷ ಅಕಿಲಿನೊ. ಮೊದಲ ದಿನ ಅದು ಕೂಗಿದ್ದು ಕೇಳಿ ಮನೆ ಗುಡಿಸಿದೆ. ಇವತ್ತು ತರ್ತಾನೆ, ಇವತ್ತಲ್ಲ ನಾಳೆ ತರ್ತಾನೆ ಅಂತ. ನಾನು ಹುಂಜ ತಾ ಅಂದಿದ್ದೆ. ಹೊಳಪು ತಾ ಅಂತ ಯಾವಾಗ ಅಂದೆ?"

ಅಕಿಲಿನೊನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಒದ್ದೆ ತೋಳನ್ನು ಮೇಲೇರಿಸಿ ಮುಖ ಒರೆಸಿಕೊಂಡ. ಆಗ ಅವನ ಮುಂಗೈ ಅವಳ ಕಣ್ಣಿಗೆ ಬಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಕೊಕ್ಕಿನ ಗಾಯ, ಕಾಲುಗುರಿನ ಗೀರು, ಒಂದರ ಮೇಲೊಂದು. ಹಳೆಯವು ಬೆಳ್ಳಗಾಗಿದ್ದವು, ಹೊಸವು ಇನ್ನೂ ಕೆಂಪಗಿದ್ದವು.

"ಗರಿ ಕೀಳುವಾಗ ಯಾರು ಹಿಡ್ಕೊಂಡಿದ್ರು?"

"ಯಾರೂ ಇಲ್ಲ. ಮೊಣಕಾಲ ಮಧ್ಯೆ ಸಿಕ್ಕಿಸ್ಕೊಳ್ತಿದ್ದೆ."

"ಮೂರು ವರ್ಷನೂ?"

"ಹೂಂ."

ಅವಳು ಅವನ ಕೈ ಮುಟ್ಟಲಿಲ್ಲ. ಮೀನಿದ್ದ ಬುಟ್ಟಿಯನ್ನು ಸೊಂಟಕ್ಕೆ ಏರಿಸಿದಳು. ಆದರೆ ಗೋಡೆ ಹತ್ತದೆ ಹಾಗೇ ನಿಂತಳು.

"ಸಂಜೆ ಕತ್ತಲಾಗೋ ಮುಂಚೆ ಬಿಷಪ್ಪನ್ನ ತಂದ್ಬಿಡು."

"ಮತ್ತೆ ನಾನು?"

"ಗೇಟಿನ ತನಕ ಬರೋಕೆ ನೀನು ಮೂರು ವರ್ಷ ತಗೊಂಡೆ. ನಂಗೂ ಸ್ವಲ್ಪ ಟೈಮ್ ಬೇಕು." ಹೊಳೆಯ ಕಡೆ ನೋಡಿಕೊಂಡೇ ಹೇಳಿದಳು, "ಮೇ ತಿಂಗಳಲ್ಲಿ ಚಂದ್ರ ಬೆಳೆಯೋಕೆ ಶುರುವಾದಾಗ ಗರಿ ಕೀಳ್ಬೇಕು. ಹಿಡ್ಕೊಳ್ಳೋಕೆ ಒಬ್ರು ಬೇಕಾಗುತ್ತೆ. ಹೋಗು, ಮೊದ್ಲು ಬಟ್ಟೆ ಬದಲಾಯಿಸು, ಸತ್ತುಗಿತ್ತು ಹೋದೀಯ."

ಸಂಜೆ ಅವನು ಬಿಷಪ್ಪನನ್ನು ಕೋಟಿನಲ್ಲಿ ಸುತ್ತಿಕೊಂಡು ಸೇತುವೆ ದಾಟಿದ. ಗೇಟಿನ ಮೇಲಿಂದ ಅವಳು ಎರಡೂ ಕೈ ಚಾಚಿದಳು. ಇಷ್ಟು ವರ್ಷ ಸಾಕಿದವನ ಕೈ ಕುಕ್ಕಿಯೇ ಬದುಕಿದ್ದ ಆ ಹುಂಜ ಅವಳ ಕಂಕುಳಿಗೆ ತಲೆ ತೂರಿಸಿ ತೆಪ್ಪಗಾಯಿತು. ಒಳಗಿನಿಂದ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಟ್ರೌಟ್ ಸಾರಿನ ವಾಸನೆ ಬರುತ್ತಿತ್ತು. ಅವಳು ಕರೆಯಲಿಲ್ಲ, ಅವನು ಕೇಳಲಿಲ್ಲ.

"ಮೇ ತಿಂಗಳು," ಎಂದ.

"ಮೇ ತಿಂಗಳು," ಎಂದಳು.

ಮರುದಿನ ಬೆಳಕು ಹರಿಯುವ ಮೊದಲೇ ಅವನಿಗೆ ಎಚ್ಚರವಾಯಿತು. ಅಭ್ಯಾಸಬಲದಿಂದ ಒಂದು ಹಿಡಿ ಮೆಕ್ಕೆಜೋಳ ತೆಗೆದುಕೊಂಡು ಅಟ್ಟದ ಏಣಿಗೆ ಕಾಲಿಟ್ಟಾಗ ಮೇಲೆ ಯಾರೂ ಇಲ್ಲವೆಂಬುದು ನೆನಪಾಯಿತು. ಮನೆ ಎಂದೂ ಇಷ್ಟು ಖಾಲಿ ಅನ್ನಿಸಿರಲಿಲ್ಲ. ಅಷ್ಟರಲ್ಲಿ ಹೊಳೆಯಾಚೆಯಿಂದ ಬಿಷಪ್ ಕೂಗಿತು. ನೀರಿನ ಸದ್ದಿನ ಮೇಲೆ ಹಾದು ಬಂದ ಆ ಕೂಗು ಸಣ್ಣಗಿದ್ದರೂ ಅದರದೇ ಎಂಬುದರಲ್ಲಿ ಅನುಮಾನವಿರಲಿಲ್ಲ. ಎತೆಲ್ವಿನಾ ಮೂರು ವರ್ಷ ಪ್ರತಿ ಬೆಳಿಗ್ಗೆ ಇದನ್ನು ಹೀಗೇ ಕೇಳಿಸಿಕೊಂಡಿದ್ದಳೆಂಬುದು ಈಗ ಅವನ ಎದೆಗೆ ನಾಟಿತು. ಜೋಳವನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕಿಟಕಿ ತೆರೆದು ನಿಂತ, ಅದು ಇನ್ನೊಂದು ಸಲ ಕೂಗಲೆಂದು.