ನಾಲಿಗೆ ತೋರಿಸು

ಆಸ್ಪತ್ರೆಯ ಫ್ಯಾನಿನ ಗಾಳಿಗೆ ಹೊದಿಕೆ ಅಲುಗಿತು, ಅಷ್ಟಕ್ಕೇ ಮೈಯೆಲ್ಲ ಧಗಧಗ — ಇಸ್ತ್ರಿ ಅಂಗಡಿಯಲ್ಲಿ ಕಾದ ಪೆಟ್ಟಿಗೆ ಮುಂಗೈಗೆ ತಾಗಿ ಚರ್ಮ ಸುಟ್ಟ ವಾಸನೆ ಬಂದಾಗಲೂ ಅವಳಿಗೆ ನೋವಾಗಿರಲಿಲ್ಲ, ನಿನ್ನ ಕೈಯೇನು ಕಬ್ಬಿಣದ್ದಾ ಎಂದು ಮಾಲೀಕ ನಕ್ಕಿದ್ದ, ಕಬ್ಬಿಣವಲ್ಲ, ಕುಷ್ಠ, ಎಂದಿದ್ದರು ಡಾಕ್ಟರು, ಹೆದರಬೇಡಮ್ಮ, ಮಾತ್ರೆಗೆ ವಾಸಿಯಾಗುತ್ತೆ, ಒಂದು ದಿನವೂ ತಪ್ಪಿಸಬೇಡ — ತಪ್ಪಿಸಲು ಅಕ್ಕ ಬಿಡಬೇಕಲ್ಲ, ಟೀಚರಮ್ಮ, ಇಪ್ಪತ್ತು ವರ್ಷ ಮಕ್ಕಳ ಕಿವಿ ಹಿಂಡಿದ ಕೈ, ಆಸ್ಪತ್ರೆಯ ಚೀಟಿಗೆ ಗೋಂದು ಬಳಿದು ಬೀರುವಿನ ಬಾಗಿಲಿಗೆ ಅಂಟಿಸಿದಳು, ಚೀಟಿಯಲ್ಲಿ ದಿನಕ್ಕೊಂದು ಚೌಕ, ಚೌಕಕ್ಕೊಂದು ಕೆಂಪು ಮಸಿಯ ಗುರುತು, ನುಂಗು, ನೀರು ಕುಡಿ, ನಾಲಿಗೆ ತೋರಿಸು. ನಲವತ್ತು ದಾಟಿದ ಹೆಂಗಸು ಬೆಳಬೆಳಿಗ್ಗೆ ನಾಲಿಗೆ ಚಾಚಿ ನಿಲ್ಲಬೇಕು. ನಿಂತಳು, ಐದನೆಯ ವಾರ ಜ್ವರ ಬಂದಾಗಲೂ ನಿಂತಳು, ಮೈತುಂಬ ದದ್ದೆದ್ದಾಗಲೂ, ಅಕ್ಕಾ, ಈ ಮಾತ್ರೆ ನಂಗೆ ಒಗ್ತಾ ಇಲ್ಲ ಕಣಕ್ಕಾ, ಸುಮ್ನಿರೇ, ಕಳ್ಳಂಗೊಂದು ಪಿಳ್ಳೆ ನೆವ, ಎಲ್ಲಿ ನಾಲಿಗೆ — ತುಟಿ ಒಡೆಯಿತು, ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಚರ್ಮ ಎದ್ದು ಬರತೊಡಗಿತು, ಆಗಲೂ ಗುರುತು ಬಿತ್ತು. ಹೀಗೆ ಇನ್ನೂ ಹನ್ನೊಂದು ದಿನ ನುಂಗಿದಳು, ಹನ್ನೊಂದು ಗುರುತು.

ಈಗ ಹೇಳುತ್ತಾರೆ ಡಾಕ್ಟರು, ತೀರಾ ಅಪರೂಪಮ್ಮ, ದಿನಾ ನುಂಗಿದ ಆ ಬಿಳಿ ಮಾತ್ರೆಯೇ ಮೈಗೆ ತಿರುಗಿಬಿದ್ದಿದೆ, ಲಿವರೂ ಸೋತಿದೆ, ಎರಡು ದಿನ ಕಳೀಲಿ, ಬದುಕ್ತಾಳೋ ಇಲ್ವೋ ಆಮೇಲೆ ಹೇಳ್ತೀವಿ, ಕುಷ್ಠಕ್ಕೆ ಬೇರೆ ಮಾತ್ರೆ ಇವೆ, ಆದ್ರೆ ಜ್ವರ ಬಂದ ದಿನಾನೇ ನಿಲ್ಲಿಸಿ ಬರಬೇಕಿತ್ತು, ಚೀಟಿ ಹಿಂದೆ ಬರೆದಿತ್ತಲ್ಲ, ಓದಲಿಲ್ವಾ? ಹಿಂದೆ. ಹಿಂದೆ ಗೋಂದು. ಪ್ರಶ್ನೆಪತ್ರಿಕೆ ತಿರುಗಿಸಿ ನೋಡ್ರೋ ಎಂದು ಊರ ಮಕ್ಕಳಿಗೆಲ್ಲ ಬೈದವಳು ತಂಗಿಯ ಚೀಟಿ ತಿರುಗಿಸಲಿಲ್ಲ, ಇವಳ ಶಿಸ್ತಿಗಿಷ್ಟು ಬೆಂಕಿ ಹಾಕ, ಅಯ್ಯೋ, ಕುಷ್ಠ ಎಂದಾಗ ತಟ್ಟೆ ಬೇರೆ ಮಾಡದೆ ಪಕ್ಕದಲ್ಲೇ ಮಲಗಿದವಳೂ ಇವಳೇ, ಅದಕ್ಕೇ ಸಿಟ್ಟು ಇಳಿಯುತ್ತಿಲ್ಲ, ಪರರು ಮಾಡಿದ್ದರೆ ಶಾಪ ಹಾಕಿ ಹಗುರಾಗಬಹುದಿತ್ತು. ಮಂಚದ ಪಕ್ಕ ಅಕ್ಕ ಚಮಚ ಹಿಡಿದು ಬಗ್ಗಿದ್ದಾಳೆ, ನಿನ್ನ ಒಳ್ಳೇದಕ್ಕೇ ಅಲ್ವೇನೇ ಮಾಡಿದ್ದು, ಒಂದು ಗುಟುಕು ನೀರು, ಬಾಯಿ ತೆಗಿಯೇ — ತೆಗೆದಳು, ನೀರಿಗಲ್ಲ, ಯಾರೂ ಕೇಳದೆಯೇ ನಾಲಿಗೆ ಚಾಚಿದಳು, ಸುಲಿದ ನಾಲಿಗೆ, ಅಕ್ಕ ಮುಖ ತಿರುಗಿಸಿದಳು, ತಿರುಗಬೇಡ, ನೋಡು, ದಿನಾ ನೋಡಿದವಳು ಇವತ್ತೂ ನೋಡು, ಗುರುತು ಹಾಕು — ನಾಲಿಗೆ, ಕೆಂಪು ಮಸಿಯಷ್ಟು ಕೆಂಪು ನಾಲಿಗೆ, ಚಾಚಿದ ನಾಲಿಗೆ, ನಾಲಿಗೆ