ಬ್ರೇಕ್ ಮೇಷ್ಟ್ರ ಬಲಗಾಲು

ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರ ಸ್ವಂತ ಮಗಳೇ ಡ್ರೈವಿಂಗ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೆ, ದೀಪದ ಬುಡ ಕತ್ತಲು ಅನ್ನದೆ ಜನ ಇನ್ನೇನು ಅಂದಾರು? ಹಾಗಂತ ಮಗಳು ದಡ್ಡಿಯಲ್ಲ. ಗೇರು, ಸ್ಟೀರಿಂಗು ಎಲ್ಲದರಲ್ಲೂ ಪಳಗಿದವಳೇ. ಬ್ರೇಕ್ ಹಾಕುವ ಅಭ್ಯಾಸ ಮಾತ್ರ ಆಗಿರಲಿಲ್ಲ. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲಡಿಗೂ ಒಂದು ಬ್ರೇಕ್ ಇರುತ್ತದಲ್ಲ, ದೂರದಲ್ಲಿ ನಾಯಿ ಬಾಲ ಅಲ್ಲಾಡಿಸಿದರೂ ಅಪ್ಪ ಅದನ್ನು ಒತ್ತಿಬಿಡುತ್ತಿದ್ದರು. ಪರೀಕ್ಷೆಯ ದಿನ ಪಕ್ಕದಲ್ಲಿದ್ದುದು ಅಧಿಕಾರಿ. ಮಗಳು ಅವರ ಕಾಲನ್ನು ನಂಬಿ ಹಾಯಾಗಿ ಹೋಗಿ ಗೋಡೆಗೆ ಗುದ್ದಿದಳು. ಊರು ಅಪ್ಪನಿಗೆ ಬ್ರೇಕ್ ಮೇಷ್ಟ್ರು ಎಂದು ಹೆಸರಿಟ್ಟಿತು.

ಸೋಮವಾರ ಮರುಪರೀಕ್ಷೆ. ಭಾನುವಾರ ಮನೆಮಂದಿಯೆಲ್ಲ ಅದೇ ಕಲಿಸುವ ಕಾರಿನಲ್ಲಿ ಹೋಗಿ, ರೋಪ್‌ವೇ ಹತ್ತಿ ಬೆಟ್ಟ ನೋಡಲು ಹೊರಟಾಗ ಮಗಳು ಒಂದೇ ಒಂದು ಕೇಳಿದಳು: ವಾಪಸ್ ಬರುವಾಗ ಕಾರು ತಾನು ಓಡಿಸಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವ ಅಮ್ಮ ಕೂರಬೇಕು, ಅಪ್ಪ ಹಿಂದಿನ ಸೀಟಿಗೆ ಹೋಗಬೇಕು. ಮೇಷ್ಟ್ರು ನೋಡೋಣ ಅಂದರು. ಆ ಮನೆಯಲ್ಲಿ ನೋಡೋಣ ಎಂದರೆ ಆಗಲ್ಲ ಎಂದೇ ಅರ್ಥ. ಜೊತೆಗೆ ಮೇಷ್ಟ್ರ ಅತ್ತೆಯೂ ಇದ್ದರು. ಅಳಿಯನ ಕಾಲೆಳೆಯದಿದ್ದರೆ ಅವರಿಗೆ ತಿಂದ ಅನ್ನ ಅರಗದು. ಚೀಲದ ತುಂಬ ಬಾಳೆಹಣ್ಣು ತಂದಿದ್ದವರು, ಮೇಲೆ ಕೋತಿಗಳ ಕಾಟವಂತೆ ಎಂದು ಅದನ್ನು ಕಾರಿನಲ್ಲೇ ಬಿಟ್ಟರು.

ತಂತಿಗೆ ನೇತುಬಿದ್ದ ಗಾಜಿನ ಪೆಟ್ಟಿಗೆಯೊಳಗೆ ಕಾಲಿಟ್ಟ ಮೇಷ್ಟ್ರು ಮೊದಲು ಹುಡುಕಿದ್ದು ಡ್ರೈವರನ್ನು. ಡ್ರೈವರ್ ಇರುವುದಿಲ್ಲ, ಕೆಳಗೆ ಕೋಣೆಯಲ್ಲಿ ಕೂತವರು ನಡೆಸುತ್ತಾರೆ ಎಂದಳು ಹೆಂಡತಿ. ಮೇಷ್ಟ್ರ ಜೀವ ಬಾಯಿಗೆ ಬಂತು. ಕಾಲಡಿ ಬ್ರೇಕ್ ಇಲ್ಲದ ವಾಹನವನ್ನು ಅವರು ಹತ್ತಿ ಯಾವ ಕಾಲವಾಗಿತ್ತೋ. ಅರ್ಧ ದಾರಿಯಲ್ಲಿ ಎದುರಿನಿಂದ ಇನ್ನೊಂದು ಪೆಟ್ಟಿಗೆ ಇಳಿದು ಬಂತು. ನೇರ ತಮ್ಮ ಮೇಲೇ ಬಂದಂತಾಗಿ ಮೇಷ್ಟ್ರು ಬಲಗಾಲಿನಿಂದ ನೆಲವನ್ನು ಬಲವಾಗಿ ಒತ್ತಿದರು.

ಪೆಟ್ಟಿಗೆ ನಿಂತಿತು.

ಎಲ್ಲರೂ ಮೇಷ್ಟ್ರ ಕಾಲು ನೋಡಿದರು. ಮೇಷ್ಟ್ರೂ ನೋಡಿದರು.

"ಇಲ್ಲೂ ಶುರು ಮಾಡಿದ್ರಾ ಅಳಿಯಂದ್ರೇ?" ಅಂದರು ಅತ್ತೆ.

ಗಾಳಿ ಜೋರಾಗಿದೆ, ಸ್ವಲ್ಪ ಹೊತ್ತು ನಿಲ್ಲಿಸಿದ್ದೇವೆ, ಹೆದರಬೇಡಿ ಎಂದು ಮೈಕು ಹೇಳಿತು. ಮೇಷ್ಟ್ರ ತಲೆಗೆ ಅದು ಅರ್ಥವಾಯಿತು, ಕಾಲಿಗೆ ಆಗಲಿಲ್ಲ. ತೆಗೆದರೆ ಎಲ್ಲರೂ ಹಿಂದಕ್ಕೆ ಜಾರಿ ಪಾತಾಳ ಸೇರುತ್ತೇವೆ ಎಂದೇ ಕಾಲಿನ ವಾದ. ಮಗಳು ಅವರ ಮೊಣಕಾಲ ಮೇಲೆ ಕೈಯಿಟ್ಟಳು.

"ಕಾಲು ತೆಗೀರಿ ಅಪ್ಪಾ. ಇದನ್ನ ಹಿಡ್ಕೊಂಡಿರೋರು ಬೇರೆ ಇದ್ದಾರೆ."

"ನಿನಗೇನಾದ್ರೂ ಆದ್ರೆ ಅಂತ ಭಯ ಕಣಮ್ಮ. ಯಾವಾಗ್ಲೂ ಅದೇ ಭಯ."

"ಗೊತ್ತು. ನಾನು ಗೋಡೆಗೆ ಗುದ್ದಿದ್ದೂ ಅದರಿಂದ್ಲೇ ಅಲ್ವಾ?"

ಮೇಷ್ಟ್ರ ಮನಸ್ಸಿಗೆ ಚುರುಕ್ಕೆಂದಿತು. ಕೊನೆಗೆ ಕ್ಲಚ್ ಬಿಡುವವರ ಹಾಗೆ ಇಷ್ಟಿಷ್ಟೇ ಕಾಲೆತ್ತಿದರು. ತುಸು ಹೊತ್ತಿಗೆ ಗಾಳಿಯೂ ಇಳಿಯಿತು, ಪೆಟ್ಟಿಗೆ ಮೇಲಕ್ಕೆ ಹೊರಟಿತು.

ಬೆಟ್ಟದ ತುದಿಯಲ್ಲಿ ಏನಿತ್ತೆಂದು ಕೇಳಿದರೆ ಮೇಷ್ಟ್ರು ಇವತ್ತಿಗೂ ಹೇಳಲಾರರು. ಇಳಿಯುವುದೂ ಅದರಲ್ಲೇ ಎಂಬ ಚಿಂತೆಯಲ್ಲಿ ಏನನ್ನೂ ನೋಡಲಿಲ್ಲ. ಕೆಳಗೆ ಬಂದವರೇ ಕಾರಿನ ಕೀಲಿಯನ್ನು ಮಗಳ ಕೈಗಿಟ್ಟು, ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತರು. ಮುಂದೆ ಕೂತ ಹೆಂಡತಿ, ಆ ಬ್ರೇಕಿಗೂ ತನಗೂ ಸಂಬಂಧವಿಲ್ಲ ಎಂದು ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಟ್ಟುಕೊಂಡಳು. ಘಾಟಿಯ ತಿರುವುಗಳು ಬಂದವು, ಲಾರಿಗಳು ಬಂದವು, ರಸ್ತೆ ದಾಟುವ ಮುದುಕರು ಬಂದರು. ಎಲ್ಲ ಕಡೆಯೂ ಮಗಳೇ ಬ್ರೇಕ್ ಹಾಕಿದಳು. ಮನೆಯ ಮುಂದೆ ಕಾರು ಹೂವಿನಂತೆ ನಿಂತಿತು.

"ಅಪ್ಪಾ, ನಿಜ ಹೇಳಿ. ಒಂದು ಸಲಾನೂ ಕಾಲು ಒತ್ತಲಿಲ್ವಾ?" ಕನ್ನಡಿಯಲ್ಲಿ ಅವಳ ಕಣ್ಣು ಆಸೆಯಿಂದ ಕಾಯುತ್ತಿತ್ತು.

"ಇಲ್ಲಮ್ಮ. ನೀನಿದ್ಯಲ್ಲ, ನಾನ್ಯಾಕೆ ಒತ್ತಲಿ?" ಅಂದರು ಮೇಷ್ಟ್ರು.

ಅತ್ತೆ ಬಗ್ಗಿ ಅಳಿಯನ ಕಾಲಡಿಯಿಂದ ಚೀಲವನ್ನೆತ್ತಿ ಇಣುಕಿದರು. ಒಳಗೆ ಒಂದು ಬಾಳೆಹಣ್ಣೂ ಬಾಳೆಹಣ್ಣಾಗಿ ಉಳಿದಿರಲಿಲ್ಲ. ಅವರು ಬಾಯಿ ತೆರೆದರು. ಮೇಷ್ಟ್ರು ಉಸಿರು ಬಿಗಿಹಿಡಿದರು.

"ಹೌದು ಪುಟ್ಟಿ, ನಾನೇ ನೋಡ್ತಿದ್ದೆ," ಅಂದರು ಅತ್ತೆ, ಚೀಲದ ಬಾಯನ್ನು ಬಿಗಿದು ಕಟ್ಟುತ್ತ. "ನಿಮ್ಮಪ್ಪ ಕಾಲೇ ಅಲ್ಲಾಡಿಸ್ಲಿಲ್ಲ."