ನೂರಾ ಹನ್ನೆರಡನೆಯ ಪುಟದ ಆಚೆ

"ಮೇಷ್ಟ್ರೇ, ನೂರಾ ಹನ್ನೆರಡನೇ ಪುಟ ಆದ್ಮೇಲೆ ಏನಾಗುತ್ತೆ?"

ಮೇಷ್ಟ್ರು ಏಣಿಯ ಮೂರನೆಯ ಮೆಟ್ಟಿಲ ಮೇಲೆ ನಿಂತು ನಿಘಂಟುಗಳ ಧೂಳು ಹೊಡೆಯುತ್ತಿದ್ದರು. ತಿರುಗಿ ನೋಡಿದರೆ ಹೊಲಿಗೆಯಮ್ಮ. ಎರಡು ತಿಂಗಳಿಂದ ಆಕೆ ಪುಸ್ತಕದಂಗಡಿಯ ಕಡೆ ತಲೆ ಹಾಕಿರಲಿಲ್ಲ. ಹಿಂದಿನ ಬೀದಿಯಲ್ಲಿ ಆಕೆಯದು ಒಂದೇ ಮೆಷಿನ್ನಿನ ಹೊಲಿಗೆ ಅಂಗಡಿ; ಎಲ್ಲಿಗೆ ಬಂದರೂ ತೋಳಿಗೆ ಎರಡು ಮೂರು ದಾರದ ಎಳೆ ಅಂಟಿಕೊಂಡೇ ಇರುತ್ತಿದ್ದವು. ಇವತ್ತು ಒಂದೂ ಇರಲಿಲ್ಲ. ಕೈಯಲ್ಲಿದ್ದ ಪುಸ್ತಕವನ್ನು ಆಕೆ ಮೇಜಿನ ಮೇಲಿಟ್ಟಳು. ನಡುವೆ ಗುರುತಿಗೆಂದು ಸಿಕ್ಕಿಸಿದ್ದ ನೀಲಿ ಬಟ್ಟೆಯ ಚೂರು ಹೊರಗೆ ಇಣುಕುತ್ತಿತ್ತು.

"ಯಾಕಮ್ಮಾ, ಇಷ್ಟ ಆಗ್ಲಿಲ್ವಾ ಪುಸ್ತಕ?" ಎನ್ನುತ್ತ ಮೇಷ್ಟ್ರು ಇಳಿದು ಬಂದರು.

"ನಮ್ಮನೆಯವರು ಹೋಗ್ಬಿಟ್ರು. ಹದಿನೆಂಟು ದಿನ ಆಯ್ತು."

ಮೇಷ್ಟ್ರು ಧೂಳಿನ ಬಟ್ಟೆಯನ್ನು ಸುಮ್ಮನೆ ಮಡಚಿದರು, ಮತ್ತೆ ಬಿಡಿಸಿದರು.

ಅವರು ಹೆಸರಿಗಷ್ಟೇ ಮೇಷ್ಟ್ರು, ಒಂದು ದಿನವೂ ಯಾರಿಗೂ ಪಾಠ ಹೇಳಿದವರಲ್ಲ. ಇಪ್ಪತ್ತಾರು ವರ್ಷದಿಂದ ಈ ಅಂಗಡಿಯಲ್ಲಿ ಪುಸ್ತಕ ಮಾರುತ್ತ ಬಂದವರು, ಅಷ್ಟೆ. ದಪ್ಪ ಕನ್ನಡಕ, ದುಂಡನೆಯ ಅಕ್ಷರ, ಯಾವ ಪುಸ್ತಕದ ಹೆಸರೆತ್ತಿದರೂ "ಹ್ಞಾಂ, ಅದಾ!" ಎಂದು ತಲೆಯಾಡಿಸುವ ಗತ್ತು. ಜನ ಮೇಷ್ಟ್ರು ಎನ್ನುವುದಕ್ಕೆ ಇನ್ನೇನು ಬೇಕು? ಅಂಗಡಿಯ ಬಾಗಿಲ ಪಕ್ಕದಲ್ಲೇ ಒಂದು ಕಪಾಟಿತ್ತು, ‘ನಾವು ಓದಿ ಮೆಚ್ಚಿದ್ದು’ ಎಂಬ ಫಲಕದ್ದು. ತಿಂಗಳ ಮೊದಲ ದಿನ ಬಾಗಿಲು ತೆರೆಯುವ ಮುಂಚೆ ಕೆಲಸದವರೆಲ್ಲ ತಾವು ಓದಿದ ಹೊಸ ಪುಸ್ತಕವೊಂದನ್ನು ಅಲ್ಲಿಟ್ಟು, ಅದರ ಬಗ್ಗೆ ನಾಲ್ಕು ಮಾತಾಡಿ, ಕೆಳಗೆ ತಮ್ಮ ಕೈಬರಹದ ಚೀಟಿ ಅಂಟಿಸಬೇಕು. ಅಂಗಡಿಯ ಒಡತಿಯ ಕಟ್ಟಪ್ಪಣೆ ಒಂದೇ: ಕೊನೆಯ ಪುಟದವರೆಗೂ ಓದಿರಬೇಕು.

ಮಕ್ಕಳ ವಿಭಾಗ ನೋಡಿಕೊಳ್ಳುವವಳು ಸ್ವತಃ ಇಬ್ಬರು ತುಂಟರ ತಾಯಿ. ಸ್ನಾನ ಮಾಡಲೊಲ್ಲದ ಕರಡಿಯ ಚಿತ್ರಪುಸ್ತಕಕ್ಕೆ ಅವಳು, ‘ನಾಲ್ಕರಿಂದ ತೊಂಬತ್ತು ವರ್ಷದವರಿಗೆ. ನಮ್ಮ ಮನೆಯ ಕರಡಿಗಳ ಮೇಲೆ ಪ್ರಯೋಗಿಸಿ ನೋಡಿದೆ, ಗುಣ ಕಂಡಿಲ್ಲ’ ಎಂದು ಬರೆದಿದ್ದಳು. ಗೋದಾಮಿನವನು ಕೊಲೆಯಿಲ್ಲದ ಪುಸ್ತಕವನ್ನು ಮುಟ್ಟಿದವನೇ ಅಲ್ಲ. ಎಲ್ಲರೂ ಅವನನ್ನು ಪತ್ತೇದಾರ ಎಂದೇ ಕರೆಯುತ್ತಿದ್ದರು. ‘ಕೊಂದವರು ಯಾರೆಂದು ಎಂಬತ್ತನೆಯ ಪುಟಕ್ಕೇ ಕಂಡುಹಿಡಿದೆ. ತಪ್ಪಾಗಿತ್ತು’ ಎಂಬುದು ಅವನ ಚೀಟಿ. ಅಂಗಡಿ ಬಿಟ್ಟು ಆಚೆ ಹೋಗದ ಒಡತಿ ತಿಂಗಳು ತಿಂಗಳೂ ಮೆಚ್ಚುತ್ತಿದ್ದುದು ಪ್ರವಾಸದ ಪುಸ್ತಕಗಳನ್ನು. ಆದರೆ ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿದ್ದುದು ಮೇಷ್ಟ್ರ ಚೀಟಿಯ ಪುಸ್ತಕವೇ.

ಆ ಮೇಷ್ಟ್ರು ಮೂರು ವರ್ಷದಿಂದ ಒಂದೇ ಒಂದು ಪುಸ್ತಕವನ್ನೂ ಪೂರ್ತಿ ಓದಿರಲಿಲ್ಲ!

ದೊಡ್ಡ ಕಾರಣವೇನೂ ಇರಲಿಲ್ಲ. ಒಂದು ತಿಂಗಳು ಕಣ್ಣುನೋವೆಂದು ಕೊನೆಯ ಐವತ್ತು ಪುಟ ಬಿಟ್ಟರು. ಯಾರೂ ಕೇಳಲಿಲ್ಲ. ಮುಂದಿನ ತಿಂಗಳು ಅರ್ಧ ಬಿಟ್ಟರು. ಆಮೇಲಾಮೇಲೆ ಮೊದಲ ಮೂವತ್ತು ಪುಟ, ಬೆನ್ನುಡಿ, ಇಷ್ಟಕ್ಕೇ ಬಂದು ನಿಂತಿತು. ಆ ಮೂವತ್ತು ಪುಟವನ್ನೇ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದರಿಂದ ಉಳಿದದ್ದನ್ನು ಕೇಳಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ. ಮೊದಮೊದಲು ನಾಚಿಕೆಯಾಗುತ್ತಿತ್ತು. ನಾಚಿಕೆಗೇನು, ಅದೂ ರೂಢಿಯಾಗಿಬಿಡುತ್ತದೆ.

ಹೊಲಿಗೆಯಮ್ಮ ಮಾತ್ರ ಬೇರೆ ಯಾರ ಚೀಟಿಯನ್ನೂ ನೋಡುತ್ತಿರಲಿಲ್ಲ. ಬಸ್ ಡ್ರೈವರಾಗಿದ್ದ ಅವಳ ಗಂಡ ಲಕ್ವ ಹೊಡೆದು ಮಲಗಿ ನಾಲ್ಕು ವರ್ಷವಾಗಿತ್ತು. ಸಂಜೆ ಅಂಗಡಿ ಮುಚ್ಚಿ ಬಂದು ಅವಳು ಗಟ್ಟಿಯಾಗಿ ಓದುತ್ತಿದ್ದಳು, ಅವನು ಕೇಳುತ್ತಿದ್ದ. ಹೋದ ಸಲ ಅವಳು ಕೊಂಡದ್ದು ದಿನವಿಡೀ ಕಿತ್ತಾಡುವ ದೋಣಿಯವನೊಬ್ಬ ಮತ್ತು ಅವನ ಹೆಂಡತಿಯ ಕಾದಂಬರಿ. ‘ಹೊಟ್ಟೆ ಹುಣ್ಣಾಗುವಷ್ಟು ನಗು. ಕಾಯಿಲೆಯವರಿಗೆ ಓದಿ ಹೇಳಿ. ಕೊನೆಯ ಪುಟ ಮುಚ್ಚುವಾಗ ಮನಸ್ಸು ಹಗುರಾಗಿರುತ್ತದೆ’ ಎಂದು ಮೇಷ್ಟ್ರು ಅದರ ಚೀಟಿಯಲ್ಲಿ ಬರೆದಿದ್ದರು.

"ಎಷ್ಟು ನಗ್ತಿದ್ರು ಗೊತ್ತಾ ಮೇಷ್ಟ್ರೇ," ಎಂದಳು ಹೊಲಿಗೆಯಮ್ಮ. "ಆ ಹೆಂಗಸು ಬಯ್ಯೋದೆಲ್ಲ ಥೇಟ್ ನಿನ್ನ ಹಾಗೇ ಅಂತಿದ್ರು. ನೂರಾ ಹನ್ನೆರಡನೇ ಪುಟಕ್ಕೆ ಬಂದಾಗ ನನ್ನ ಕಣ್ಣು ಒಂದು ಸಾಲು ಮುಂದೆ ಓಡ್ತು. ದೋಣಿಯವನಿಗೂ ಬಲಗೈ ಬಿದ್ದುಹೋಗುತ್ತೆ. ನಮ್ಮನೆಯವರ ಹಾಗೇ. ಹೇಗೆ ಓದ್ಲಿ ಹೇಳಿ?"

"ಮತ್ತೇನು ಮಾಡಿದ್ರಿ?"

"ಕಟ್ಟಿ ಹೇಳಿದೆ. ಬಟ್ಟೆ ಹೊಲಿಯೋಳು ನಾನು, ನಂಗ್ಯಾವ ಕಥೆ ಬರುತ್ತೆ? ಆದ್ರೂ ಹೇಳಿದೆ. ದೋಣಿಗೆ ಬಾತುಕೋಳಿ ಹತ್ತಿತು, ಅದು ಸಾಹೇಬರ ಮೂಗು ಕಚ್ಚಿತು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹತ್ತು ದಿನ ಹೇಳಿದೆ. ಅವ್ರೂ ನಗ್ತಾನೇ ಇದ್ರು. ಹನ್ನೊಂದನೇ ದಿನ, ‘ಏನೇ, ಹಾಳೆ ತಿರುಗಿಸಿದ ಸದ್ದೇ ಕೇಳಿಸ್ತಿಲ್ವಲ್ಲ?’ ಅಂದ್ರು."

ಅಷ್ಟು ಹೇಳಿ ಅವಳು ಬಟ್ಟೆಯ ಚೂರನ್ನು ಬೆರಳಿನಿಂದ ಒಳಗೆ ತಳ್ಳಿದಳು.

"‘ಪುಸ್ತಕದಲ್ಲಿ ಇರೋದನ್ನ ಓದು, ಆ ಹೆಂಗಸು ಆಮೇಲೆ ಏನು ಮಾಡಿದ್ಳು ನಂಗೆ ಗೊತ್ತಾಗ್ಬೇಕು’ ಅಂದ್ರು. ನಾನು ಓದ್ಲಿಲ್ಲ. ಇರೋದೇ ಇದು ಅಂತ ಸಾಧಿಸಿದೆ. ‘ಮೇಷ್ಟ್ರು ಬರೆದಿದಾರಲ್ಲೇ, ಕೊನೇಲಿ ಮನಸ್ಸು ಹಗುರಾಗುತ್ತೆ ಅಂತ. ಏನೋ ಇರ್ಬೇಕು, ಓದು’ ಅಂತ ಮಗು ಹಾಗೆ ಹಟ ಮಾಡಿದ್ರು. ಅದಾಗಿ ನಾಲ್ಕನೇ ದಿನಕ್ಕೆ ಹೋಗ್ಬಿಟ್ರು." ಅವಳು ಮೇಷ್ಟ್ರ ಮುಖವನ್ನೇ ನೋಡಿದಳು. "ನೀವು ಪೂರ್ತಿ ಓದಿದೀರಲ್ಲ. ಹೇಳಿ, ಕೊನೆಗೆ ಏನಾಗುತ್ತೆ? ನಂಗೆ ಓದೋಕೆ ಧೈರ್ಯ ಇಲ್ಲ."

ಮೇಷ್ಟ್ರು ಓದಿ ನಿಲ್ಲಿಸಿದ್ದ ಮೂವತ್ತನೆಯ ಪುಟದಲ್ಲಿ ದೋಣಿಯವನು ಹೆಂಡತಿಯ ಚಪ್ಪಲಿಯನ್ನು ಹೊಳೆಗೆಸೆದಿದ್ದ. ಅಲ್ಲಿಂದಾಚೆಗೆ ಅವರಿಗೂ ಕತ್ತಲೆಯೇ. ನನಗೆ ಗೊತ್ತಿಲ್ಲಮ್ಮ ಎನ್ನಬಹುದಿತ್ತು. ಎರಡೇ ಮಾತು. ಆದರೆ ಪಕ್ಕದಲ್ಲಿ ಒಡತಿ ನಿಂತಿದ್ದಳು, ಅತ್ತ ಪತ್ತೇದಾರ ಪೆಟ್ಟಿಗೆ ಬಿಚ್ಚುವುದನ್ನು ನಿಲ್ಲಿಸಿ ಇತ್ತಲೇ ಕಿವಿ ಕೊಟ್ಟಿದ್ದ. ಮೇಲಾಗಿ, ನೊಂದ ಹೆಣ್ಣುಮಗಳಿಗೆ ಒಳ್ಳೆಯ ಮಾತು ಹೇಳುವುದೇ ಲೇಸೆಂದು ಆ ಗಳಿಗೆಯಲ್ಲಿ ಅವರಿಗೆ ನಿಜವಾಗಿಯೂ ಅನಿಸಿತು.

"ಚೆನ್ನಾಗೇ ಮುಗಿಯುತ್ತಮ್ಮ," ಎಂದರು. "ಕಷ್ಟ ಬರುತ್ತೆ, ಆದ್ರೆ ಕೊನೇಲಿ ಸಮಾಧಾನ ಇದೆ. ತುಂಬಾ ಸಮಾಧಾನ."

ಹೊಲಿಗೆಯಮ್ಮನ ಮುಖದಲ್ಲಿ ಇದ್ದಬದ್ದ ಬಣ್ಣವೂ ಇಳಿದುಹೋಯಿತು.

"ಹಾಗಾದ್ರೆ ಓದ್ಬೇಕಿತ್ತು," ಎಂದಳು ಮೆಲ್ಲಗೆ. "ಅವ್ರು ಕೇಳಿದ್ದು ಸರಿ. ಸಾಯೋ ಮನುಷ್ಯ ಸಮಾಧಾನ ಕೇಳಿದ್ರೆ ನಾನು ಬಾತುಕೋಳಿ ಕಥೆ ಹೇಳಿದೆ."

ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಟುಹೋದಳು. ಮೇಷ್ಟ್ರು ಕರೆಯಲೂ ಇಲ್ಲ, ಹಿಂದೆ ಹೋಗಲೂ ಇಲ್ಲ. ಒಡತಿ ಮಾತ್ರ, "ಪಾಪ, ನೀವು ಸುಳ್ಳಾದ್ರೂ ಹೇಳ್ಬಾರದಿತ್ತಾ ಮೇಷ್ಟ್ರೇ, ಕೊನೆ ಕೆಟ್ಟದಾಗಿದೆ, ಓದದೆ ಇದ್ದಿದ್ದೇ ಒಳ್ಳೇದಾಯ್ತು ಅಂತ?" ಎಂದಳು.

ಮೇಷ್ಟ್ರು ನಿಘಂಟುಗಳ ಹಿಂದಿನ ಸ್ಟೂಲಿನ ಮೇಲೆ ಕುಳಿತು ನೀಲಿ ಬಟ್ಟೆಯ ಗುರುತು ಇದ್ದಲ್ಲಿಗೆ ಪುಸ್ತಕ ಬಿಡಿಸಿದರು. ಅಲ್ಲಿಯವರೆಗಿನ ಹಾಳೆಗಳು ತುದಿಯಲ್ಲಿ ಮಾಸಿ ಮೆತ್ತಗಾಗಿದ್ದವು. ಮುಂದಿನವು ಅಂಗಡಿಯಿಂದ ಹೋದಾಗ ಹೇಗಿದ್ದವೋ ಹಾಗೇ ಇದ್ದವು. ಊಟದ ಹೊತ್ತು ಕಳೆಯಿತು. ಗಿರಾಕಿಯೊಬ್ಬರು ಬಂದು ಕೆಮ್ಮಿ ನಿಂತು, ಕೊನೆಗೆ ಮಕ್ಕಳ ವಿಭಾಗದವಳನ್ನು ಕರೆದುಕೊಂಡು ಹೋದರು. ನೂರಾ ಎಂಬತ್ತನೆಯ ಪುಟದಲ್ಲಿ ದೋಣಿಯವನು ಸತ್ತ, ಅದೂ ನೀರು ನೀರೆಂದು ಕೂಗುತ್ತ, ಹೆಂಡತಿ ಸಂತೆಗೆ ಹೋಗಿದ್ದಾಗ. ಅವಳು ದೋಣಿಯನ್ನು ಒಡೆದು ಒಲೆಗೆ ಹಾಕಿದಳು. ಕೊನೆಯ ಪುಟದಲ್ಲಿ ಅವಳಿಗೆ ಬಯ್ಯಲೂ ಯಾರೂ ಉಳಿದಿರಲಿಲ್ಲ. ಸಮಾಧಾನ ಎನ್ನುವುದನ್ನು ದುರ್ಬೀನು ಹಾಕಿ ಹುಡುಕಿದರೂ ಆ ಪುಸ್ತಕದಲ್ಲಿ ಸಿಗುವಂತಿರಲಿಲ್ಲ.

ಅಂದರೆ ಹೊಲಿಗೆಯಮ್ಮ ಮಾಡಿದ್ದೇ ಸರಿ! ಗಂಡನ ಕೊನೆಯ ದಿನಗಳಲ್ಲಿ ಇದನ್ನು ಓದದೆ ಬಾತುಕೋಳಿಯ ಕಥೆ ಹೇಳಿದ್ದೇ ಪುಣ್ಯ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ಅವಳಿಗೆ ಹೇಳಬೇಕಾದರೆ ಇನ್ನೊಂದನ್ನೂ ಹೇಳಲೇಬೇಕಿತ್ತು.

ಹೊಲಿಗೆ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಅರ್ಧ ಹೊಲಿದ ಅಂಗಿಗಳ ಮೇಲೆ ತೆಳ್ಳಗೆ ಧೂಳು ಕೂತಿತ್ತು. ಅವಳು ಮೆಷಿನ್ನಿನ ಮುಂದೆ ಕೈ ಕಟ್ಟಿ ಕುಳಿತಿದ್ದಳು.

ಮೇಷ್ಟ್ರು ನಿಂತೇ ಎಲ್ಲವನ್ನೂ ಹೇಳಿದರು. ಪುಸ್ತಕವನ್ನು ತಾವು ಓದಿರಲಿಲ್ಲ, ಓದಿದ್ದು ಈಗ, ಅವಳು ಹೋದ ಮೇಲೆ. ಅದರಲ್ಲಿ ಸಮಾಧಾನವಿಲ್ಲ, ಬರೀ ಸಂಕಟ. "ನೀವು ಓದದೆ ಇದ್ದಿದ್ದೇ ಒಳ್ಳೇದಾಯ್ತಮ್ಮ. ತಪ್ಪು ಮಾಡಿದೋನು ನಾನು."

"ಬರೀ ಇದೊಂದೇನಾ?" ಎಂದಳು ಅವಳು.

ಮೇಷ್ಟ್ರು, "ಮೂರು ವರ್ಷದಿಂದ," ಎಂದರು.

"ನಿಮ್ಮ ಚೀಟೀನ ನಾನು ಬಿಲ್ಲಿನ ಹಿಂದೆ ಬರ್ಕೊಂಡು ಹೋಗ್ತಿದ್ದೆ. ಅವ್ರು ಮೊದಲು ಅದನ್ನ ಓದಿಸ್ಕೊಳ್ತಿದ್ರು, ಆಮೇಲೆ ಪುಸ್ತಕ. ‘ಈ ಮನುಷ್ಯ ನನ್ನ ಕಂಡವರ ಹಾಗೇ ಬರೀತಾರೆ ಕಣೇ’ ಅನ್ನೋರು." ಅವಳ ದನಿ ಏರಲಿಲ್ಲ. ಏರಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಿತ್ತು. "ಈಗಲೂ ನನ್ನ ಸಮಾಧಾನಕ್ಕೆ ಅಂತಾನೇ ಹೇಳ್ತಿದೀರಿ ಅಲ್ವಾ? ಬೆಳಿಗ್ಗೆ ಒಂದು ಹೇಳಿದ್ರಿ, ಅದು ಚುಚ್ಚಿತು ಅಂತ ಗೊತ್ತಾಯ್ತು, ಈಗ ಇನ್ನೊಂದು."

"ದೇವರಾಣೆಗೂ ನಿಜ. ಓದಿದೀನಿ ಅಮ್ಮಾ, ಈ ಸಲ ಕೊನೇವರೆಗೂ ಓದಿದೀನಿ."

"ಇರಬಹುದು. ಆದ್ರೆ ನೀವು ನಿಜ ಹೇಳಿದ್ರೂ ನಂಗೀಗ ಗೊತ್ತಾಗಲ್ವಲ್ಲ ಮೇಷ್ಟ್ರೇ."

ಮೇಷ್ಟ್ರು ಪುಸ್ತಕ ಚಾಚಿದರು. ಅವಳು ಮುಟ್ಟಲಿಲ್ಲ. ಹೊರಗೆ ಸೈಕಲ್ಲೊಂದು ಗಂಟೆ ಹೊಡೆದುಕೊಂಡು ಹೋಯಿತು.

"ಅವರಿಗೆ ಓದದೆ ಇದ್ದಿದ್ದನ್ನ ನಾನು ಓದಲಾರೆ," ಎಂದಳು ಕೊನೆಗೆ. "ನೀವೇ ಓದಿ. ಎಲ್ಲಿ ಬಿಟ್ಟಿದ್ನೋ ಅಲ್ಲಿಂದ, ಗಟ್ಟಿಯಾಗಿ. ಒಂದು ಸಾಲೂ ಬಿಡ್ಬೇಡಿ."

ಅಳತೆ ಕೊಡಲು ಬಂದವರು ಕೂರುವ ಬೆಂಚಿನ ಮೇಲೆ ಮೇಷ್ಟ್ರು ಕುಳಿತರು. ನೀಲಿ ಚೂರನ್ನು ತೆಗೆದು ಎಲ್ಲಿಡಬೇಕೆಂದು ತಿಳಿಯದೆ ಅಂಗೈಯಲ್ಲೇ ಹಿಡಿದುಕೊಂಡರು. "‘ಬೆಳಿಗ್ಗೆ ದೋಣಿಯವನು ಹುಟ್ಟು ಹಿಡಿಯಲು ಕೈ ಚಾಚಿದ,’" ಎಂದು ಓದಿದರು. "‘ಕೈ ಬರಲಿಲ್ಲ.’"

ಎರಡು ಪುಟ ಓದಿ ಮುಗಿಸುವಷ್ಟರಲ್ಲಿ ಅವಳು ಮೆಷಿನ್ನಿನ ಕಡೆ ತಿರುಗಿ ತುಳಿಯತೊಡಗಿದಳು. ಮೇಷ್ಟ್ರು ನಿಲ್ಲಿಸಿ ತಲೆಯೆತ್ತಿದರು. ತಿರುಗಿ ನೋಡದೆಯೇ ಅವಳು ಓದಿ ಎಂದು ಕೈಸನ್ನೆ ಮಾಡಿದಳು. ಅವರು ದನಿ ಏರಿಸಿ ಓದಿದರು. ಅವಳು ಇನ್ನೂ ಜೋರಾಗಿ ತುಳಿದಳು. ಸೂಜಿ ಏಳುತ್ತ ಬೀಳುತ್ತ ಓಡುತ್ತಿತ್ತು. ಅದರ ಕೆಳಗೆ ಬಟ್ಟೆ ಇರಲಿಲ್ಲ.